ಲೈನ್ ಮನೆಯವರ ಹೆಸರು ವೋಟರ್ ಲಿಸ್ಟಿನಿಂದ ಹೋಗೋದು ಕಾಫಿ ಕುಯ್ಲಿನ ಹೊತ್ತಲ್ಲಿ. ತಡೆಯೋದು ಹೇಗೆ?

ಗಿರಿಸಾಲು, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ಒಂದು ವಿಷಯಕ್ಕೆ ಸಲಹೆ ಬೇಕು. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ವೋಟಿನ ಹಕ್ಕು ಅಂದ ತಕ್ಷಣ ನಮ್ಮೂರಲ್ಲಿ ಮಾತು ಮತದಾನದ ದಿನಕ್ಕೇ ಹೋಗುತ್ತೆ. ದುಡ್ಡು ಎಷ್ಟು ಹಂಚಿದ್ರು, ಯಾರ ಮನೇಲಿ ಬಾಡೂಟ ಆಯ್ತು, ಮಷೀನು ಎಷ್ಟು ಹೊತ್ತು ಕೈಕೊಡ್ತು ಅಂತ. ತೋಟದ ಲೈನ್ ಮನೆಯವರಿಗೆ (ಸಾಲು ಮನೆಗಳಲ್ಲಿರೋ ಕೂಲಿಯವರಿಗೆ) ವೋಟು ತಪ್ಪಿಹೋಗೋದು ಅದಕ್ಕಿಂತ ಎಷ್ಟೋ ತಿಂಗಳು ಮುಂಚೆ, ಯಾರ ಗಮನಕ್ಕೂ ಬರದ ಹಾಗೆ. ನಾನು ಹುಟ್ಟಿ ಬೆಳೆದಿದ್ದು ಲೈನ್ ಮನೇಲಿ, ಅಪ್ಪ ಅಮ್ಮ ಈಗಲೂ ತೋಟದ ಕೆಲಸದಲ್ಲೇ ಇದ್ದಾರೆ, ಹಾಗಾಗಿ ನೋಡಿದ್ದನ್ನೇ ಹೇಳ್ತಿದೀನಿ.

ಪ್ರತಿ ವರ್ಷ ಮತದಾರರ ಪಟ್ಟಿ ಪರಿಷ್ಕರಣೆ ನಡೆಯೋದು ಸಾಮಾನ್ಯವಾಗಿ ಅಕ್ಟೋಬರ್ ಕೊನೆಯಿಂದ ಜನವರಿ ಒಳಗೆ. ಕರಡು ಪಟ್ಟಿ ಬಿಡ್ತಾರೆ, ಸುಮಾರು ಒಂದು ತಿಂಗಳು ಅರ್ಜಿ, ಆಕ್ಷೇಪಣೆ ತಗೋತಾರೆ, ಜನವರಿಯಲ್ಲಿ ಅಂತಿಮ ಪಟ್ಟಿ. ನಮ್ಮಲ್ಲಿ ಅರೇಬಿಕಾ ಹಣ್ಣಾಗೋದೂ ಆಗಲೇ, ಅದರ ಬೆನ್ನಿಗೇ ರೋಬಸ್ಟಾ. ಬೆಳಗ್ಗೆ ಹಾಜರಿ ಹಾಕಿಸಿ ತೋಟಕ್ಕಿಳಿದವರು ಸಂಜೆ ಹಣ್ಣು ತೂಕ ಹಾಕಿಸಿಯೇ ಬರೋದು. ಪಟ್ಟಿ ಪರಿಶೀಲಿಸೋಕೆ ಬಿಎಲ್‌ಓ (ಮತಗಟ್ಟೆ ಮಟ್ಟದ ಅಧಿಕಾರಿ) ಬರೋ ಹೊತ್ತಿಗೆ ಸಾಲು ಮನೆ ಅಷ್ಟಕ್ಕೂ ಬೀಗ. ಪಕ್ಕದವರನ್ನ ಕೇಳೋಣ ಅಂದ್ರೆ ಅವರೂ ಗಿಡದ ಬುಡದಲ್ಲಿ. ಕೊನೆಗೆ ತೋಟದ ಲೆಕ್ಕ ನೋಡ್ಕೊಳ್ಳೋ ರೈಟರ್‌ನ ಕೇಳ್ತಾರೆ. ರೈಟರ್ ಚೆಕ್‌ರೋಲ್ (ಕೂಲಿ ಹಾಜರಿ ಪುಸ್ತಕ) ತಿರುವಿ ಹಾಕಿ "ಈ ಹೆಸರಿನವರು ಈಗ ಇಲ್ಲ" ಅಂತಾರೆ. ಚೆಕ್‌ರೋಲಲ್ಲಿ ಇಲ್ಲ ಅಂದ್ರೆ ಆ ವಾರ ಕೆಲಸಕ್ಕೆ ಬಂದಿಲ್ಲ ಅಂತ ಅಷ್ಟೇ ಅರ್ಥ. ಬಾಣಂತನಕ್ಕೆ ತವರಿಗೆ ಹೋಗಿರಬಹುದು, ಪಕ್ಕದ ತೋಟದಲ್ಲಿ ಕೆಜಿ ಲೆಕ್ಕಕ್ಕೆ ಕುಯ್ಯೋಕೆ ಹೋಗಿರಬಹುದು. ಆದರೆ ಪಟ್ಟಿಯಲ್ಲಿ "ಸ್ಥಳಾಂತರ" ಅಂತ ಬಿದ್ದುಬಿಡುತ್ತೆ.

ನಮ್ಮ ಸೋದರತ್ತೆಗೆ ಆಗಿದ್ದು ಇದೇ. 2024ರ ಏಪ್ರಿಲ್ 26ಕ್ಕೆ ಲೋಕಸಭೆ ಮತದಾನಕ್ಕೆ ಹೋದ್ರು. ವೋಟರ್ ಕಾರ್ಡು, ರೇಷನ್ ಕಾರ್ಡು ಎರಡನ್ನೂ ಒಂದೇ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ರು. ಮೊದಲನೇ ಟೇಬಲ್ಲಲ್ಲಿ ಪಟ್ಟಿ ನೋಡಿದವರು ಮೇಲಿಂದ ಕೆಳಗೆ ಬೆರಳಾಡಿಸಿ "ಇಲ್ಲಮ್ಮ" ಅಂದ್ರು. ಅತ್ತೆ ಎರಡನೇ ಮಾತಾಡದೆ ಕಾರ್ಡು ಮತ್ತೆ ಕವರಿಗೆ ಹಾಕ್ಕೊಂಡು ಬಂದ್ರು. ಅದೇ ತೋಟದಲ್ಲಿ, ಅದೇ ಮನೇಲಿ ಇವತ್ತೂ ಇದ್ದಾರೆ.

ನನ್ನ ಪ್ರಶ್ನೆ: ಹೋದ ಹೆಸರು ವಾಪಸ್ ಹಾಕಿಸೋದು ಹೇಗೆ? ಅದಕ್ಕಿಂತ ಮುಖ್ಯವಾಗಿ, ಮುಂದಿನ ಪರಿಷ್ಕರಣೆಯಲ್ಲಿ ಇಡೀ ಲೈನಿನ ಹೆಸರು ಉಳಿಸಿಕೊಳ್ಳೋದು ಹೇಗೆ?


ಹೇಮಾವತಿ ದಂಡೆ, ಹಾಸನ

ಮಗಳೇ, ನಿನ್ನ ಸೋದರತ್ತೆ ಸುಮ್ಮನೆ ಹಿಂದಿರುಗಿದರಲ್ಲ, ಅದು ನನ್ನನ್ನು ಬಹಳ ಕಾಡಿತು. ನಾನು ನಿವೃತ್ತ ಮೇಷ್ಟ್ರು, ಪ್ರಿಸೈಡಿಂಗ್ ಆಫೀಸರ್ (ಮತಗಟ್ಟೆಯ ಮುಖ್ಯ ಅಧಿಕಾರಿ) ಆಗಿ ಹಲವು ಚುನಾವಣೆ ಮಾಡಿದ್ದೇನೆ. ಮತಗಟ್ಟೆಯ ಒಳಗೆ ನಮ್ಮ ಕೈ ಕಟ್ಟಿರುತ್ತದೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 62ನೇ ಕಲಂ ಪ್ರಕಾರ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಮತ. ಕಾರ್ಡು ಗುರುತಿಗೆ ಅಷ್ಟೇ. ಪಟ್ಟಿಯಲ್ಲಿ ಹೆಸರಿದ್ದು ಕಾರ್ಡು ಕಳೆದಿದ್ದರೆ ಆಧಾರ್, ಉದ್ಯೋಗ ಖಾತ್ರಿ ಜಾಬ್ ಕಾರ್ಡ್, ಫೋಟೋ ಇರುವ ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್ ಯಾವುದಾದರೂ ನಡೆಯುತ್ತದೆ. ಕಾರ್ಡಿದ್ದು ಹೆಸರಿಲ್ಲದಿದ್ದರೆ ಏನೂ ನಡೆಯುವುದಿಲ್ಲ.

ಒಂದು ವಿಷಯ ಮಾತ್ರ ಎಲ್ಲರಿಗೂ ತಿಳಿಸು. ಮತದಾನದ ದಿನ ನಮ್ಮ ಕೈಗೆ ಗೈರು, ಸ್ಥಳಾಂತರ, ಮರಣ ಎಂದು ಇನ್ನೊಂದು ಪಟ್ಟಿ ಕೊಟ್ಟಿರುತ್ತಾರೆ. ಮುಖ್ಯ ಪಟ್ಟಿಯಲ್ಲಿ ಹೆಸರು ಉಳಿದಿದ್ದು ಈ ಇನ್ನೊಂದು ಪಟ್ಟಿಯಲ್ಲೂ ಸೇರಿದ್ದರೆ, ಅಂಥವರು ವಾಪಸ್ ಹೋಗಬೇಕಿಲ್ಲ. ಗುರುತು ಸರಿಯಾಗಿ ಪರಿಶೀಲಿಸಿ, ಸಹಿ ಜೊತೆಗೆ ಹೆಬ್ಬೆಟ್ಟು ತೆಗೆದುಕೊಂಡು ಮತ ಹಾಕಿಸಬೇಕು. ಪಕ್ಷದ ಏಜೆಂಟರು "ಇವರು ಲಿಸ್ಟಲ್ಲಿ ಶಿಫ್ಟ್ ಆಗಿದ್ದಾರೆ" ಎಂದು ಕೂಗಿದ ಕೂಡಲೇ ಬಡವರು ಹೆದರಿ ಹೊರಗೆ ಹೋಗಿಬಿಡುತ್ತಾರೆ. ನಿಲ್ಲಬೇಕು, ಪ್ರಿಸೈಡಿಂಗ್ ಆಫೀಸರನ್ನೇ ಕೇಳಬೇಕು.

ಇನ್ನು ಹೆಸರು ಹೋಗುವ ವಿಷಯ ಹೊಸದಲ್ಲ. 1951-52ರ ಮೊದಲ ಚುನಾವಣೆಯಲ್ಲಿ ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು. ಉತ್ತರದ ಹಲವು ಕಡೆ ಅವರು ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಬರೆಸಿದ್ದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ. ಮುಂದಿನ ಚುನಾವಣೆಗೆ ಹೆಂಗಸರು ತಮ್ಮ ಹೆಸರು ಹೇಳುವಂತಾದರು. ಅಂದರೆ ಪಟ್ಟಿ ತಾನಾಗಿ ಸರಿಹೋಗುವುದಿಲ್ಲ, ಯಾರೋ ಮನೆಮನೆಗೆ ಹೋಗಿ ಸರಿಮಾಡಬೇಕು.


ಕಡೂರು ಸೀಮೆ

ಅಕ್ಕ, ವಾಟ್ಸಾಪಲ್ಲಿ ಒಂದು ಮೆಸೇಜ್ ಬಂದಿತ್ತು. ಲಿಸ್ಟಲ್ಲಿ ಹೆಸರಿಲ್ಲದಿದ್ರೆ ಆಧಾರ್ ತೋರಿಸಿ 49ಎ ಅಡಿ "ಚಾಲೆಂಜ್ ವೋಟ್" ಕೇಳಬಹುದಂತೆ. ಟೆಂಡರ್ ವೋಟು ಶೇಕಡಾ 14 ದಾಟಿದ್ರೆ ಆ ಬೂತಲ್ಲಿ ಮರುಮತದಾನವಂತೆ. ಇದನ್ನ ಲೈನಲ್ಲಿ ಹೇಳಿಕೊಟ್ರೆ ಆಗಲ್ವಾ?


ಅರಸೀಕೆರೆ ವಕೀಲ

ದಯವಿಟ್ಟು ಆ ಮೆಸೇಜ್ ಯಾರಿಗೂ ಕಳಿಸಬೇಡಿ ತಮ್ಮ. ಎರಡೂ ಸುಳ್ಳು. ಚುನಾವಣಾ ಆಯೋಗವೇ ಸುಳ್ಳು ಅಂತ ಹೇಳಿದೆ, ಆದರೂ ಪ್ರತಿ ಚುನಾವಣೆಗೂ ಎದ್ದು ಬರುತ್ತೆ. ಅದನ್ನ ನಂಬಿ "ಅವತ್ತು ನೋಡ್ಕೊಳ್ಳೋಣ" ಅಂತ ಕೂತವರ ವೋಟು ಪೂರ್ತಿ ಹೋಗುತ್ತೆ. ಅದಕ್ಕೇ ಇಷ್ಟು ಖಾರವಾಗಿ ಹೇಳ್ತಿದೀನಿ.

ನಿಜ ಏನಂದ್ರೆ, ಚಾಲೆಂಜ್ ಮಾಡೋದು ಏಜೆಂಟ್, ಮತದಾರ ಅಲ್ಲ. ನೀವು ನೀವೇ ಹೌದಾ ಅನ್ನೋ ಅನುಮಾನ ಇದ್ರೆ ಏಜೆಂಟ್ ಎರಡು ರೂಪಾಯಿ ಠೇವಣಿ ಕಟ್ಟಿ ಆಕ್ಷೇಪ ಎತ್ತಬಹುದು, ಪ್ರಿಸೈಡಿಂಗ್ ಆಫೀಸರ್ ಅಲ್ಲೇ ವಿಚಾರಿಸಿ ತೀರ್ಮಾನ ಮಾಡ್ತಾರೆ. ಟೆಂಡರ್ ವೋಟು ಅನ್ನೋದು ನಿಯಮ 49ಪಿ. ನಿಮ್ಮ ಹೆಸರಲ್ಲಿ ಬೇರೆ ಯಾರೋ ಆಗಲೇ ವೋಟು ಹಾಕಿಬಿಟ್ಟಿದ್ರೆ ನಿಮಗೆ ಕಾಗದದ ಮತಪತ್ರ ಕೊಡ್ತಾರೆ. ಅದಕ್ಕೂ ಪಟ್ಟಿಯಲ್ಲಿ ಹೆಸರು ಇರಲೇಬೇಕು. ಶೇಕಡಾ 14ರ ನಿಯಮ ಎಲ್ಲೂ ಇಲ್ಲ.

ಗಿರಿಸಾಲು ಅವರ ಪ್ರಶ್ನೆಗೆ ಬರ್ತೀನಿ. ಅಳಿಸಿಹೋದ ಹೆಸರು ಮತ್ತೆ ಸೇರಿಸೋಕೆ ಫಾರಂ 6. ತೋಟ ಬದಲಾಯಿಸಿ ಬೇರೆ ಲೈನಿಗೆ ಹೋದವರು, ಹೆಸರು ತಪ್ಪಿರೋರು, ಕಾರ್ಡು ಕಳೆದೋರು ಎಲ್ಲರಿಗೂ ಫಾರಂ 8. ಇನ್ನೊಬ್ಬರ ಹೆಸರು ತೆಗೀರಿ ಅನ್ನೋದು ಫಾರಂ 7. ಈ ಫಾರಂ 7ರ ಮೇಲೇ ಕಣ್ಣಿಡಬೇಕು. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 22ನೇ ಕಲಂ ಪ್ರಕಾರ "ಇವರು ಇಲ್ಲಿ ವಾಸ ಇಲ್ಲ" ಅಂತ ಹೆಸರು ತೆಗೆಯೋ ಮುಂಚೆ ಆ ವ್ಯಕ್ತಿಗೆ ಹೇಳಿಕೊಳ್ಳೋಕೆ ಅವಕಾಶ ಕೊಡಲೇಬೇಕು. ನೋಟಿಸು ಕೊಟ್ಟಿದ್ರಾ, ಯಾರ ಕೈಗೆ ಕೊಟ್ರು, ಸ್ಥಳ ಪರಿಶೀಲನೆ ವರದಿ ಎಲ್ಲಿ ಅಂತ ಲಿಖಿತವಾಗಿ ಕೇಳಿ. ಮತದಾರರ ನೋಂದಣಿ ಅಧಿಕಾರಿಯ ಆದೇಶ ಒಪ್ಪಿಗೆ ಆಗದಿದ್ರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ, ಅಲ್ಲೂ ಆಗದಿದ್ರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ.

ಫಾರಂ 7 ಎಷ್ಟು ಸುಲಭವಾಗಿ ದುರುಪಯೋಗ ಆಗುತ್ತೆ ಅನ್ನೋಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 2023ರ ವಿಧಾನಸಭೆ ಚುನಾವಣೆ ಮುಂಚೆ ಕಲಬುರಗಿ ಜಿಲ್ಲೆಯ ಆಳಂದದಲ್ಲಿ ಹೆಸರು ತೆಗೀರಿ ಅಂತ ಆನ್‌ಲೈನಲ್ಲಿ 6,018 ಅರ್ಜಿ ಬಂದವು. ಒಂದೊಂದಾಗಿ ಪರಿಶೀಲಿಸಿದಾಗ ಸರಿ ಇದ್ದದ್ದು 24 ಮಾತ್ರ. ಉಳಿದವನ್ನ ತಿರಸ್ಕರಿಸಿ ಪೊಲೀಸ್ ಕೇಸು ಹಾಕಿದ್ರು. ಅಲ್ಲಿ ಜನರ ಹೆಸರು ಉಳಿದದ್ದು ಕೆಳಗಿನ ಮಟ್ಟದಲ್ಲಿ ಯಾರೋ ಮನೆಗೆ ಹೋಗಿ ಕೇಳಿದ್ದಕ್ಕೆ. ಇದನ್ನ ನಾನು ಪಕ್ಷದ ಮಾತಾಗಿ ಹೇಳ್ತಿಲ್ಲ. ಯಾವ ಪಕ್ಷದವರೇ ಆಗಲಿ, ಇಂಥದ್ದು ನಡೆದರೆ ಕೇಡು ಎಲ್ಲರಿಗೂ.


ಯಗಚಿ ತೀರ, ಬೇಲೂರು

ನಾನು ಅಂಗನವಾಡಿ ಕಾರ್ಯಕರ್ತೆ, ಬಿಎಲ್‌ಓ ಕೆಲಸವೂ ನನ್ನ ಮೇಲಿದೆ. ತಂಗಿ ಬರೆದದ್ದು ಓದಿ ಬೇಜಾರಾಯ್ತು, ಆದರೆ ನಮ್ಮ ಕಡೆಯದೂ ಕೇಳಿ.

ಒಂದು ಬೂತು ಅಂದ್ರೆ ಸಾವಿರದ ಹತ್ತಿರ ಹೆಸರು. ಬೆಳಗ್ಗೆ ಮಕ್ಕಳು, ಅಡುಗೆ, ಪೋಷಣ್ ಆ್ಯಪಿನ ಎಂಟ್ರಿ, ಗರ್ಭಿಣಿಯರ ತೂಕ. ಇದೆಲ್ಲ ಮುಗಿಸಿ ಮನೆಮನೆ ಹೊರಟರೆ ತೋಟದ ರಸ್ತೆಯಲ್ಲಿ ನಡೆದೇ ಹೋಗಬೇಕು. ಆನೆ ಇದೆ ಅಂತ ಮೆಸೇಜ್ ಬಂತು ಅಂದ್ರೆ ಆ ದಿನ ಆ ಕಡೆ ಹೋಗೋ ಹಾಗೇ ಇಲ್ಲ. ಸಂಜೆ ಆರರ ಮೇಲೆ ಹೆಂಗಸು ಒಬ್ಬಳೇ ಲೈನಿಗೆ ಹೋಗಿ ಬರೋದು ನಮ್ಮ ಕಡೆ ಹೇಗೆ ಸಾಧ್ಯ ಹೇಳಿ?

ಆದರೆ ಒಂದು ದಾರಿ ಇದೆ, ನಾನೇ ಮಾಡ್ತಿರೋದು. ಸಂತೆ ದಿನ ತೋಟಕ್ಕೆ ರಜೆ. ಅವತ್ತು ಬೆಳಗ್ಗೆ ಎಂಟೂವರೆ ಒಂಬತ್ತಕ್ಕೆ ಲೈನಿಗೆ ಹೋದ್ರೆ ಎಲ್ಲರೂ ಸಿಗ್ತಾರೆ, ಸ್ನಾನ ಮಾಡಿ ಸಂತೆಗೆ ಹೊರಡೋ ಹೊತ್ತದು. ಹತ್ತೂವರೆ ಆಯ್ತು ಅಂದ್ರೆ ಮತ್ತೆ ಬೀಗ. ಲೈನಿನ ನಲ್ಲಿ ಹತ್ರ ನಿಂತು ಪಟ್ಟಿ ಜೋರಾಗಿ ಓದ್ತೀನಿ, ಮನೆ ಬಾಗಿಲು ತಟ್ಟೋದೇ ಬೇಡ. "ಅವ್ಳು ತವರಿಗೆ ಹೋಗವ್ಳೆ, ಹದಿನೈದು ದಿನಕ್ಕೆ ಬತ್ತಾಳೆ" ಅಂತ ಹೆಂಗಸರೇ ಹೇಳ್ತಾರೆ. ರೈಟರ್‌ಗಿಂತ ಅವರಿಗೆ ಚೆನ್ನಾಗಿ ಗೊತ್ತು. ಸತ್ತವರ ಹೆಸರೂ ಹಾಗೇ ಗೊತ್ತಾಗುತ್ತೆ, ಸುಳ್ಳು ಹೆಸರೂ ಗೊತ್ತಾಗುತ್ತೆ.

ನಿಮ್ಮ ಬಿಎಲ್‌ಓ ಯಾರು ಅಂತ ಮೊದಲು ತಿಳ್ಕೊಳ್ಳಿ, ನಂಬರ್ ಇಟ್ಕೊಳ್ಳಿ, ಸಂತೆ ದಿನ ಬನ್ನಿ ಅಂತ ಕರೀರಿ. ಚುನಾವಣಾ ಸಹಾಯವಾಣಿ 1950ಕ್ಕೆ ಫೋನ್ ಮಾಡಿದ್ರೂ ಹೇಳ್ತಾರೆ. ಕರೆದವರ ಮನೆಗೆ ಹೋಗದೆ ಇರೋ ಬಿಎಲ್‌ಓ ಕಡಿಮೆ.


ಗಿರಿಸಾಲು, ಚಿಕ್ಕಮಗಳೂರು

ಅಕ್ಕ, ಇದು ನನಗೆ ಹೊಳೆದೇ ಇರಲಿಲ್ಲ. ಸಂತೆ ದಿನ ಬೆಳಗ್ಗೆ, ಪಟ್ಟಿ ಜೋರಾಗಿ ಓದೋದು. ಬಹಳ ಥ್ಯಾಂಕ್ಸ್.

ಲಾಯರ್ ಸಾರ್, ಫಾರಂ 6ಕ್ಕೆ ವಿಳಾಸದ ದಾಖಲೆ ಕೇಳ್ತಾರೆ. ಲೈನ್ ಮನೆಗೆ ಕರೆಂಟ್ ಬಿಲ್ಲು ತೋಟದ ಹೆಸರಲ್ಲಿ, ಬಾಡಿಗೆ ಕರಾರು ಅನ್ನೋದೇ ಇಲ್ಲ. ಅತ್ತೆಯ ಆಧಾರಲ್ಲಿ ಹಳೇ ಊರಿನ ವಿಳಾಸ ಇದೆ. ಏನು ಮಾಡೋದು?


ಅರಸೀಕೆರೆ ವಕೀಲ

ದಾಖಲೆ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸೋ ಹಾಗಿಲ್ಲ. ಪಟ್ಟಿ ಮಾಡಿರೋ ದಾಖಲೆ ಯಾವುದೂ ಇಲ್ಲದಿದ್ರೆ ಬಿಎಲ್‌ಓ ಖುದ್ದಾಗಿ ಹೋಗಿ ನೋಡಿ ವರದಿ ಕೊಡಬೇಕು ಅಂತ ಫಾರಂ 6ರಲ್ಲೇ ಇದೆ. ಮನೆ ಮಠ ಇಲ್ಲದೆ ರಸ್ತೆ ಬದಿ ಮಲಗೋರಿಗೂ ಇದೇ ದಾರಿ. ರಾತ್ರಿ ಹೋಗಿ ಅವರು ಅಲ್ಲೇ ಮಲಗ್ತಾರಾ ನೋಡಿ ಸೇರಿಸಿಕೊಳ್ಳಿ ಅಂತ ಆಯೋಗದ ಸೂಚನೆ ಇದೆ. ಅಂಚೆ ಕಚೇರಿಯಲ್ಲಿ ಲೈನಿನ ವಿಳಾಸಕ್ಕೆ ಒಂದು ಉಳಿತಾಯ ಖಾತೆ ಮಾಡಿಸಿದ್ರೆ ಆ ಪಾಸ್‌ಬುಕ್ಕೂ ಆಗುತ್ತೆ.

ಇಲ್ಲೇ ಇನ್ನೊಂದು ಮಾತು ಹೇಳಬೇಕು. 1950ರ ಕಾಯ್ದೆಯ 20ನೇ ಕಲಂ ಓದಿ. ಒಂದು ಕ್ಷೇತ್ರದಲ್ಲಿ ಮನೆ ಇದೆ ಅನ್ನೋ ಒಂದೇ ಕಾರಣಕ್ಕೆ ಯಾರೂ ಅಲ್ಲಿನ ವಾಸಿ ಆಗಲ್ಲ. ತಾತ್ಕಾಲಿಕವಾಗಿ ಊರಲ್ಲಿ ಇಲ್ಲ ಅನ್ನೋ ಕಾರಣಕ್ಕೆ ವಾಸ ತಪ್ಪಿಹೋಗೋದೂ ಇಲ್ಲ. ಅಂದ್ರೆ ಬೆಂಗಳೂರಲ್ಲೇ ಇದ್ದು ವರ್ಷಕ್ಕೆ ನಾಲ್ಕು ಸಲ ಬಂಗಲೆಗೆ ಬಂದು ಹೋಗೋ ಮಾಲೀಕರ ಹೆಸರು ಇಲ್ಲಿನ ಪಟ್ಟಿಯಲ್ಲಿ ಇರೋದು ಪ್ರಶ್ನೆ ಮಾಡೋ ವಿಷಯ. ಹದಿನೈದು ದಿನ ತವರಿಗೆ ಹೋದ ಕೂಲಿ ಹೆಣ್ಣುಮಗಳ ಹೆಸರು ತೆಗೆಯೋದು ಕಾಯ್ದೆಗೇ ವಿರುದ್ಧ. ನಮ್ಮಲ್ಲಿ ನಡೀತಿರೋದು ಪೂರ್ತಿ ತಿರುಗುಮುರುಗು.


ಸಣ್ಣ ಬೆಳೆಗಾರ, ಆಲೂರು

ವಕೀಲರೇ, ಮಾಲೀಕರು ಅಂದ್ರೆ ಎಲ್ಲರೂ ಬಂಗಲೆಯವರಲ್ಲ. ನನಗಿರೋದು ನಾಲ್ಕೆಕರೆ. ಮಗ ಬೆಂಗಳೂರಲ್ಲಿ ಕೆಲಸ ಮಾಡ್ತಾನೆ, ಹಬ್ಬಕ್ಕೆ, ಕುಯ್ಲಿಗೆ, ಮದುವೆಗೆ ಊರಿಗೇ ಬರ್ತಾನೆ. ಊರಿನ ವೋಟು ಬಿಡು ಅಂದ್ರೆ ಅವನಿಗೆ ಊರೇ ಬಿಡು ಅಂದ ಹಾಗಾಗುತ್ತೆ. ಇಲ್ಲಿನ ರಸ್ತೆ, ಆನೆ ಕಾಟ, ಕಾಫಿ ರೇಟು ಇದೆಲ್ಲ ಅವನಿಗೂ ಸೇರಿದ್ದೇ ತಾನೇ?


ಅರಸೀಕೆರೆ ವಕೀಲ

ನಿಮ್ಮ ನೋವು ಅರ್ಥ ಆಗುತ್ತೆ ಅಣ್ಣ. ಕಾಯ್ದೆ ಕೇಳೋದು ಇಷ್ಟೇ, ಒಬ್ಬರಿಗೆ ಒಂದೇ ಕಡೆ. ಎರಡು ಕಡೆ ಹೆಸರಿಟ್ಟುಕೊಳ್ಳೋದು ತಪ್ಪು. ಅರ್ಜಿಯಲ್ಲಿ ಗೊತ್ತಿದ್ದೂ ಸುಳ್ಳು ಬರೆದ್ರೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ, ಇಲ್ಲ ಎರಡೂ ಆಗಬಹುದು. ಮಗನ ಹೆಸರು ಬೆಂಗಳೂರಲ್ಲೂ ಇದ್ದರೆ ಒಂದನ್ನ ತೆಗೆಸಿ. ಅವರ ನಿತ್ಯದ ವಾಸ ಎಲ್ಲಿ ಅನ್ನೋದನ್ನ ನೋಂದಣಿ ಅಧಿಕಾರಿ ತೀರ್ಮಾನ ಮಾಡ್ತಾರೆ. ನಾನು ಕೇಳ್ತಿರೋದು, ನಿಮ್ಮ ಮಗನಿಗೆ ತೋರಿಸೋ ಸಹನೆಯನ್ನೇ ಲೈನಿನವರಿಗೂ ತೋರಿಸಿ ಅಂತ.


ಸಣ್ಣ ಬೆಳೆಗಾರ, ಆಲೂರು

ಅದು ಒಪ್ಪೋ ಮಾತು. ನಮ್ಮ ತೋಟದಲ್ಲಿರೋ ಎರಡು ಮನೆಯವರಿಗೆ "ಇವರು ಇಲ್ಲೇ ವಾಸ ಇದ್ದಾರೆ" ಅಂತ ಬರೆದು ಸಹಿ ಹಾಕಿ ಕೊಡೋಕೆ ನಾನು ತಯಾರು. ಬೇರೆ ಬೆಳೆಗಾರರೂ ಕೊಡಬೇಕು. ನಮ್ಮ ಕೈಯಿಂದ ಒಂದು ರೂಪಾಯಿ ಖರ್ಚಾಗೋ ಕೆಲಸ ಅಲ್ಲ ಇದು.


ಅಂಗಡಿಹಳ್ಳಿ ದಾರಿ

ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿ ಹಕ್ಕಿಪಿಕ್ಕಿ ಕಾಲೊನಿ ಕಡೆಯವನು ನಾನು. ವ್ಯಾಪಾರಕ್ಕೆ ಊರೂರು ತಿರುಗೋ ಜನ ನಾವು, ಕೆಲವರು ಹೊರದೇಶಕ್ಕೂ ಹೋಗ್ತಾರೆ. ಮನೆ ಇಲ್ಲಿದೆ, ಮಕ್ಕಳ ಸ್ಕೂಲು ಇಲ್ಲಿದೆ, ವಯಸ್ಸಾದೋರು ಇಲ್ಲೇ ಇರ್ತಾರೆ. ವಕೀಲರು ಹೇಳಿದ ಆ 20ನೇ ಕಲಂ ನಮಗೂ ಅನ್ವಯ ಆಗುತ್ತಾ? ಹೆಸರು ಕೂಗಿದಾಗ ಮನೇಲಿ ಇಲ್ಲ ಅಂತಾದ್ರೆ ಕೇಳೋರು ಯಾರೂ ಇರಲ್ಲ.


ಅರಸೀಕೆರೆ ವಕೀಲ

ಖಂಡಿತ ಆಗುತ್ತೆ. ತಿರುಗಾಡಿ ದುಡಿದು ಮತ್ತೆ ಅದೇ ಮನೆಗೆ ವಾಪಸ್ ಬರೋರು ಅಲ್ಲಿನವರೇ. ಮನೇಲಿರೋ ಹಿರಿಯರ ಹತ್ರ ಎಲ್ಲರ ವೋಟರ್ ಕಾರ್ಡಿನ ನಂಬರ್ ಬರೆದು ಇಟ್ಟು ಹೋಗಿ. ಬಿಎಲ್‌ಓ ಬಂದಾಗ ಅವರೇ ತೋರಿಸಿ, ಯಾವಾಗ ವಾಪಸ್ ಬರ್ತಾರೆ ಅಂತ ಹೇಳಲಿ.


ಬಯಲುಸೀಮೆ ದನಿ, ತರೀಕೆರೆ

ಎಲ್ಲರೂ ಪಟ್ಟಿ ಪಟ್ಟಿ ಅಂತಿದೀರ. ಪಟ್ಟಿ ಸರಿ ಮಾಡಿ ಹಾಕೋ ವೋಟಾದರೂ ಯಾವುದಕ್ಕೆ? ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿಗೆ ನಾವು ವೋಟು ಹಾಕಿದ್ದು 2016ರಲ್ಲಿ. 2021ಕ್ಕೆ ಅವಧಿ ಮುಗೀತು. ಆಮೇಲೆ ಕ್ಷೇತ್ರ ಪುನರ್‌ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಳೇ ಉರುಳಿದವು, ಅಧಿಕಾರಿಗಳೇ ಆಡಳಿತ ನಡೆಸಿದ್ರು. ಸರ್ಕಾರ ಯಾವ ಪಕ್ಷದ್ದೇ ಬರಲಿ, ಅವಸರ ಯಾರಿಗೂ ಇರಲಿಲ್ಲ. ನಮ್ಮ ಕೆರೆ ಏರಿ ಬಿರುಕು ಬಿಟ್ರೆ ಹೇಳೋಕೆ ಒಬ್ಬ ಸದಸ್ಯ ಇಲ್ಲ. ಕೂಲಿ ಬಿಟ್ಟು ಫಾರಂ ತುಂಬೋಕೆ ಜನರಿಗೆ ಯಾಕೆ ಹೇಳಬೇಕು?


ಹೇಮಾವತಿ ದಂಡೆ, ಹಾಸನ

ನಿಮ್ಮ ಸಿಟ್ಟು ನ್ಯಾಯವಾದದ್ದು. ಸಂವಿಧಾನದ 243ಇ ವಿಧಿ ಸ್ಪಷ್ಟವಾಗಿ ಹೇಳುತ್ತದೆ, ಪಂಚಾಯಿತಿಯ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು. ಪುನರ್‌ವಿಂಗಡಣೆಯ ನೆಪದಲ್ಲಿ ಚುನಾವಣೆ ಮುಂದೂಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಹೇಳಿದೆ. ಇದನ್ನು ಗ್ರಾಮಸಭೆಯಲ್ಲಿ ಎತ್ತಿ ನಡಾವಳಿಯಲ್ಲಿ ಬರೆಸಬೇಕು, ಶಾಸಕರು ಬಂದಾಗ ಎದುರಿಗೇ ಕೇಳಬೇಕು.

ಆದರೆ ಫಾರಂ ತುಂಬುವುದು ವ್ಯರ್ಥ ಎನ್ನುವುದನ್ನು ನಾನು ಒಪ್ಪುವುದಿಲ್ಲ. 2023ರ ವಿಧಾನಸಭೆಯಲ್ಲಿ ಶೃಂಗೇರಿ ಕ್ಷೇತ್ರದ ಅಂತರ 201 ಮತ, ಮೂಡಿಗೆರೆಯದು 722. ಎರಡೂ ಕಾಫಿ ಸೀಮೆಯ ಕ್ಷೇತ್ರಗಳು. ಕೆಲವು ತೋಟಗಳ ಲೈನುಗಳಲ್ಲೇ ಅಷ್ಟು ಜನ ಇದ್ದಾರೆ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಒಂದೇ ಒಂದು ಮತದಿಂದ ಗೆಲುವು ಸೋಲು ತೀರ್ಮಾನವಾಗಿತ್ತು. ಇಂಥ ಕಡೆ ಹೆಸರು ಹೋದವರು ಯಾರಿಗೆ ಹಾಕುತ್ತಿದ್ದರು ಎಂದು ಯಾರಿಗೂ ಗೊತ್ತಿಲ್ಲ. ಅವರು ಹಾಕಬೇಕಿತ್ತು, ಅಷ್ಟೇ.

ನಮ್ಮ ಜಿಲ್ಲೆಗಳ ಹಿಂದಿನ ಕಥೆಯನ್ನೂ ನೆನಪಿಸಿಕೊಳ್ಳಿ. ಚಿಕ್ಕಮಗಳೂರಿಗೆ ಕಡೂರು ಜಿಲ್ಲೆ ಎಂಬ ಹೆಸರಿದ್ದ ಕಾಲ. ಮೈಸೂರಿನಲ್ಲಿ 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು, ಅದು ನಮ್ಮ ಹೆಮ್ಮೆ. ಆದರೆ ಅಲ್ಲಿ ಮಾತಿಗೆ ಬೆಲೆ ಇದ್ದದ್ದು ಜಮೀನು, ಕಂದಾಯ, ವ್ಯಾಪಾರ ಇದ್ದವರಿಗೆ. ಕೂಲಿಯವನಿಗೂ ಸಾಹುಕಾರನಿಗೂ ಒಂದೊಂದೇ ಮತ ಎಂದು ಆದದ್ದು ಸಂವಿಧಾನದ 326ನೇ ವಿಧಿಯಿಂದ. ಓದು ಬರಹ, ಆಸ್ತಿ ಯಾವುದನ್ನೂ ಕೇಳದೆ ಕೊಟ್ಟ ಹಕ್ಕು ಅದು. ಅದನ್ನು ಒಂದು ಬೀಗ ನೋಡಿ ಕಿತ್ತುಕೊಳ್ಳುವುದೆಂದರೆ ನನಗೆ ಸಹಿಸಲು ಆಗುವುದಿಲ್ಲ.


ಕಡೂರು ಸೀಮೆ

ಮೇಷ್ಟ್ರೇ, ಇನ್ನೊಂದು ಅನುಮಾನ. ನಮ್ಮಣ್ಣ ತೋಟದಲ್ಲಿ ಡ್ರೈವರ್. ಮೇಸ್ತ್ರಿ ಲೈನಲ್ಲಿ "ಯಾರಿಗೆ ಒತ್ತಿದ್ರಿ ಅಂತ ನಮಗೆ ಗೊತ್ತಾಗುತ್ತೆ" ಅಂತ ಹೆದರಿಸ್ತಾರಂತೆ. ನಿಜವಾಗ್ಲೂ ಗೊತ್ತಾಗುತ್ತಾ?


ಹೇಮಾವತಿ ದಂಡೆ, ಹಾಸನ

ಒಬ್ಬೊಬ್ಬರದು ಗೊತ್ತಾಗುವುದಿಲ್ಲ. ಮತಯಂತ್ರದ ಜೊತೆ ಇಡುವ ವಿವಿಪ್ಯಾಟ್‌ನಲ್ಲಿ ನೀವು ಹಾಕಿದ ಮತದ ಚೀಟಿ ಏಳು ಸೆಕೆಂಡು ಗಾಜಿನೊಳಗೆ ಕಾಣಿಸಿ ಪೆಟ್ಟಿಗೆಗೆ ಬೀಳುತ್ತದೆ, ಅದರ ಮೇಲೆ ಮತದಾರರ ಹೆಸರೂ ಇರುವುದಿಲ್ಲ, ಅವರ ಕ್ರಮಸಂಖ್ಯೆಯೂ ಇರುವುದಿಲ್ಲ. ಇದನ್ನು ಲೈನಿನಲ್ಲಿ ಎಲ್ಲರಿಗೂ ಧೈರ್ಯವಾಗಿ ಹೇಳಿ.

ಆದರೆ ಬೂತುವಾರು ಲೆಕ್ಕ ಹೊರಗೆ ಬರುತ್ತದೆ. ಒಂದು ಸಣ್ಣ ಬೂತಿನಲ್ಲಿ ಹೆಚ್ಚಿನವರು ಒಂದೇ ತೋಟದವರಾಗಿದ್ದರೆ, ಆ ಲೈನು ಒಟ್ಟಾರೆ ಯಾವ ಕಡೆ ವಾಲಿತು ಎಂದು ಊಹಿಸಬಹುದು. ಮೇಸ್ತ್ರಿಯ ಬೆದರಿಕೆಗೆ ಬಲ ಬರುವುದು ಅಲ್ಲಿಂದ. ಕೆಲವು ಬೂತುಗಳ ಯಂತ್ರಗಳನ್ನು ಸೇರಿಸಿ ಒಟ್ಟಿಗೆ ಎಣಿಸುವ ಟೋಟಲೈಸರ್ ಬೇಕೆಂದು ಚುನಾವಣಾ ಆಯೋಗ 2008ರಲ್ಲೇ ಕೇಳಿತ್ತು, ಕಾನೂನು ಆಯೋಗವೂ 2015ರ 255ನೇ ವರದಿಯಲ್ಲಿ ಬೆಂಬಲಿಸಿತು. ಜಾರಿಗೆ ಬರಲಿಲ್ಲ. ಪೇಟೆಯ ದೊಡ್ಡ ಬೂತುಗಳಲ್ಲಿ ಇದರ ಬೆಲೆ ತಿಳಿಯುವುದಿಲ್ಲ. ಮಲೆನಾಡಿನವರು ಇದನ್ನು ಕೇಳದಿದ್ದರೆ ಬೇರೆ ಯಾರೂ ಕೇಳುವುದಿಲ್ಲ.


ಹೊಸ ಮತದಾರೆ, ಸಕಲೇಶಪುರ

ನಮ್ಮ ಲೈನಲ್ಲಿ ಮತದಾನದ ದಿನ ಕೂಲಿ ಕಟ್ ಆಗುತ್ತೆ ಅಂತ ಅರ್ಧ ಜನ ಹೋಗಲ್ಲ. ಇನ್ನು ಕೆಲವರು ಮಾಲೀಕರ ಜೀಪಲ್ಲಿ ಹೋಗಿ ಅದೇ ಜೀಪಲ್ಲಿ ಬರ್ತಾರೆ. ಇದು ಸರಿನಾ? ಮತ್ತೆ ನನಗೆ ಮಾರ್ಚಲ್ಲಿ 18 ತುಂಬುತ್ತೆ, ಮುಂದಿನ ಜನವರಿವರೆಗೂ ಕಾಯಬೇಕಾ?


ಅರಸೀಕೆರೆ ವಕೀಲ

ಕಾಯಬೇಕಿಲ್ಲ. 2022ರಿಂದ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ನಿಮ್ಮದು ಏಪ್ರಿಲ್ 1ರ ಲೆಕ್ಕಕ್ಕೆ ಬರುತ್ತೆ. 17 ತುಂಬಿದವರು ಮುಂಚಿತವಾಗೇ ಫಾರಂ 6 ಕೊಟ್ಟಿಡಬಹುದು. ಚುನಾವಣೆ ಘೋಷಣೆ ಆಗಲಿ ಅಂತ ಕೂರಬೇಡಿ, ನಾಮಪತ್ರದ ಕೊನೇ ದಿನದ ನಂತರ ಯಾವ ಹೆಸರೂ ಸೇರಲ್ಲ.

ಕೂಲಿ ವಿಷಯ. 1951ರ ಕಾಯ್ದೆಯ 135ಬಿ ಕಲಂ ಪ್ರಕಾರ ಮತದಾನದ ದಿನ ಸಂಬಳ ಸಮೇತ ರಜೆ, ದಿನಗೂಲಿಯವರಿಗೂ ಸೇರಿ. ಕೂಲಿ ಹಿಡಿದ ಮಾಲೀಕರಿಗೆ 500 ರೂಪಾಯಿವರೆಗೆ ದಂಡ. ದಂಡ ಸಣ್ಣದು, ಕಾಯ್ದೆಯ ದೊಡ್ಡ ಕೊರತೆ ಅದೇ ಅಂತ ನನ್ನ ಅಭಿಪ್ರಾಯ. ಆದರೂ ಕಾರ್ಮಿಕ ಇಲಾಖೆಗೆ ಒಂದು ಲಿಖಿತ ದೂರು ಹೋದ್ರೆ ಬಹಳ ತೋಟಗಳು ಎಚ್ಚರ ಆಗ್ತವೆ.

ಜೀಪಿನ ವಿಷಯ. ಅಭ್ಯರ್ಥಿಯಾಗಲಿ, ಅವರ ಏಜೆಂಟ್ ಆಗಲಿ, ಅವರ ಒಪ್ಪಿಗೆ ಪಡೆದು ಬೇರೆಯವರಾಗಲಿ ಮತದಾರರನ್ನ ಬೂತಿಗೆ ಪುಕ್ಕಟೆ ಸಾಗಿಸೋದು ಭ್ರಷ್ಟ ಆಚರಣೆ, ಕಲಂ 123ರಲ್ಲಿದೆ. ತಮ್ಮ ದುಡ್ಡಲ್ಲೇ ಬಸ್ಸಿನಂಥ ಸಾರ್ವಜನಿಕ ವಾಹನದಲ್ಲಿ ಹೋದ್ರೆ ತಪ್ಪಿಲ್ಲ.


ಸಣ್ಣ ಬೆಳೆಗಾರ, ಆಲೂರು

ಹೊರರಾಜ್ಯದಿಂದ ಕುಯ್ಲಿಗೆ ಬರ್ತಾರಲ್ಲ, ಅಸ್ಸಾಂ ಕಡೆಯವರು, ಅವರ ಗತಿ ಏನು? ಅವರೂ ಮನುಷ್ಯರೇ. ಇಲ್ಲಿ ಇರೋದು ಮೂರು ತಿಂಗಳು, ಊರಲ್ಲಿ ಅವರ ಮನೆಗೂ ಬೀಗ.


ಹೇಮಾವತಿ ದಂಡೆ, ಹಾಸನ

ಅವರಿಗೆ ಇನ್ನೂ ದಾರಿಯಾಗಿಲ್ಲ. ಇದ್ದ ಊರಿನಿಂದಲೇ ತಮ್ಮ ಕ್ಷೇತ್ರಕ್ಕೆ ಮತ ಹಾಕುವ ಯಂತ್ರವನ್ನು ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತು, ಒಮ್ಮತ ಆಗಲಿಲ್ಲ. ಕುಟುಂಬ ಸಮೇತ ಬಂದು ವರ್ಷಪೂರ್ತಿ ಇಲ್ಲೇ ನೆಲೆಸಿದ್ದರೆ ಇಲ್ಲಿಗೆ ಫಾರಂ 8 ಕೊಡಬಹುದು. ಬಿಹಾರದಲ್ಲಿ 2025ರ ವಿಶೇಷ ಪರಿಷ್ಕರಣೆಯ ಕರಡಿನಲ್ಲಿ ಸುಮಾರು 65 ಲಕ್ಷ ಹೆಸರು ಬಿಟ್ಟುಹೋದಾಗ, ಆ ಹೆಸರುಗಳನ್ನು ಕಾರಣ ಸಮೇತ ಬೂತುವಾರು ಪ್ರಕಟಿಸಿ ಎಂದು ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಬಿಟ್ಟ ಹೆಸರುಗಳ ಪಟ್ಟಿ, ಕಾರಣದ ಜೊತೆ, ಪಂಚಾಯಿತಿ ಗೋಡೆಯ ಮೇಲೆ. ನಮ್ಮಲ್ಲೂ ಎಲ್ಲರೂ ಪಟ್ಟು ಹಿಡಿದು ಕೇಳಬೇಕಾದದ್ದು ಇದನ್ನೇ.


ಯಗಚಿ ತೀರ, ಬೇಲೂರು

ಮೇಷ್ಟ್ರು ಹೇಳಿದ್ದಕ್ಕೆ ಒಂದು ಮಾತು ಸೇರಿಸ್ತೀನಿ. ಹೆಸರು ತೆಗೀರಿ ಅಂತ ಬಂದ ಅರ್ಜಿಗಳ ಪಟ್ಟಿ ನಮೂನೆ 10ರಲ್ಲಿ ಬರುತ್ತೆ, ಮುಖ್ಯ ಚುನಾವಣಾಧಿಕಾರಿ ವೆಬ್‌ಸೈಟಲ್ಲೂ ಹಾಕ್ತಾರೆ. ಪರಿಷ್ಕರಣೆ ನಡೆಯೋವಾಗ ವಾರಕ್ಕೊಂದು ಸಲ ನೋಡಿ. ಪುರವಣಿ ಪಟ್ಟಿಯಲ್ಲಿ (ಮುಖ್ಯ ಪಟ್ಟಿಗೆ ಆಮೇಲೆ ಆದ ಬದಲಾವಣೆಗಳ ಪಟ್ಟಿ) ಅಳಿಸಿದ ಹೆಸರಿನ ಪಕ್ಕ ಇಂಗ್ಲಿಷ್ ಅಕ್ಷರ ಇರುತ್ತೆ: ಇ ಅಂದ್ರೆ ತೀರಿಕೊಂಡವರು, ಎಸ್ ಅಂದ್ರೆ ಸ್ಥಳಾಂತರ, ಆರ್ ಅಂದ್ರೆ ಎರಡು ಕಡೆ ಇದ್ದದ್ದು. ಎಸ್ ಇರೋ ಹೆಸರುಗಳನ್ನ ಮೊದಲು ನೋಡಿ. ಲೈನಿನವರದು ಹೆಚ್ಚಾಗಿ ಅಲ್ಲೇ ಸಿಗುತ್ತೆ.


ಗಿರಿಸಾಲು, ಚಿಕ್ಕಮಗಳೂರು

ಎಲ್ಲರಿಗೂ ತುಂಬಾ ಧನ್ಯವಾದ. ಅತ್ತೆಯ ಫಾರಂ 6 ತುಂಬಿದ್ದೀನಿ. ನಮ್ಮ ಬಿಎಲ್‌ಓ ಜೊತೆ ಮಾತಾಡಿದೆ, ಸಂತೆ ದಿನ ಬೆಳಗ್ಗೆ ಬರೋಕೆ ಒಪ್ಪಿದ್ದಾರೆ. ನಮ್ಮ ಭಾಗ ಸಂಖ್ಯೆಯ (ಅಂದ್ರೆ ನಮ್ಮ ಬೂತಿನ) ಪಟ್ಟಿ ಇಳಿಸಿಕೊಂಡು ಪ್ರಿಂಟ್ ತೆಗೆಸಿದೆ. ನಮ್ಮ ಲೈನಿನ ಹೆಸರುಗಳಿಗೆ ಗುರುತು ಹಾಕಿದ್ದೀನಿ. ಎಸ್ ಬಿದ್ದಿರೋರಲ್ಲಿ ಅತ್ತೆ ಒಬ್ಬರೇ ಅಲ್ಲ, ಈಗಲೂ ಅಲ್ಲೇ ಇರೋರು ಇನ್ನೂ ಇದ್ದಾರೆ, ಅವರ ಅರ್ಜಿನೂ ಒಟ್ಟಿಗೆ ಮಾಡಿಸ್ತೀನಿ.

ಒಂದು ತೊಂದರೆ. ಪಕ್ಕದ ತೋಟದಲ್ಲಿ ರೈಟರ್ ಗೇಟಿನಿಂದ ಒಳಗೆ ಬಿಡಲ್ಲ ಅಂತಿದ್ದಾರೆ, "ಇದೆಲ್ಲ ರಾಜಕೀಯ" ಅಂತ. ಅಲ್ಲಿ ನಮ್ಮ ಲೈನಿಗಿಂತ ಜಾಸ್ತಿ ಜನ ಇದ್ದಾರೆ.


ಅರಸೀಕೆರೆ ವಕೀಲ

ನೀವು ಒಳಗೆ ಹೋಗಿ ಜಗಳ ಮಾಡಬೇಡಿ. ಬಿಎಲ್‌ಓ ಹೋಗಲಿ. ಅವರನ್ನೂ ತಡೆದ್ರೆ ದಿನಾಂಕ, ಸಮಯ ಹಾಕಿ ತಹಸೀಲ್ದಾರರಿಗೆ ಬರೆದು ಕೊಡಲಿ, ಪ್ರತಿ ಉಪವಿಭಾಗಾಧಿಕಾರಿಗೆ. ಸ್ವೀಕೃತಿ ಮೇಲೆ ಸೀಲು ಹಾಕಿಸಿಕೊಳ್ಳೋದು ಮರೀಬೇಡಿ. ಅರ್ಜಿ ಕೊಡೋಕೆ ಯಾರೂ ತೋಟದೊಳಗೆ ಹೋಗಲೇಬೇಕು ಅಂತಿಲ್ಲ. ಸಂತೆಯಲ್ಲಿ ಎಲ್ಲರೂ ಸಿಗ್ತಾರಲ್ಲ, ಅಲ್ಲೇ ಒಂದು ಟೇಬಲ್ ಹಾಕಿ. ಖಾಲಿ ಫಾರಂ 6, 8 ನಾನು ಕಳಿಸಿಕೊಡ್ತೀನಿ, ಎಷ್ಟು ಬೇಕು ಹೇಳಿ.


ಸಣ್ಣ ಬೆಳೆಗಾರ, ಆಲೂರು

ಆ ತೋಟದ ಮಾಲೀಕರು ನಮ್ಮ ಬೆಳೆಗಾರರ ಸಂಘದ ಪರಿಚಯದವರೇ ಇರಬಹುದು ತಂಗಿ. ತೋಟದ ಹೆಸರು ಇಲ್ಲಿ ಹಾಕಬೇಡಿ, ನನಗೆ ಮೆಸೇಜ್ ಮಾಡಿ. ನಾನೇ ಫೋನ್ ಮಾಡಿ ಮಾತಾಡ್ತೀನಿ.